ನಾಲ್ಕನೆಯ ಚೌಕ

ಜನವರಿ 7, ಮಂಗಳವಾರ

ಇವತ್ತಿನಿಂದ ಕರ್ಲಿಂಗ್ ಕ್ಲಬ್ಬಿನ ಆಟಗಳ ಪ್ರಸಾರ ನನ್ನ ಪಾಲಿಗೆ ಬಂತು. ಅಧ್ಯಕ್ಷರು ಸೂಪಿನ ಬಟ್ಟಲು ಕೆಳಗಿಟ್ಟು ನನ್ನ ಹೆಸರು ಹೇಳಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಹತ್ತೊಂಬತ್ತು ವರ್ಷ ಈ ಊರಿನ ಹೆಂಗಸರ ತಂಡಕ್ಕೆ ನಾಯಕಿಯಾಗಿ ಐಸಿನ ಮೇಲೆ ಕಲ್ಲು ಜಾರಿಸಿದವಳನ್ನು ಗಾಜಿನ ಹಿಂದಿನ ಕೋಣೆಯಲ್ಲಿ ಕೂರಿಸಿ ಕೈಗೊಂದು ಮೌಸ್ ಕೊಟ್ಟರೆ ಸನ್ಮಾನ ಮುಗಿಯಿತು. ನವೆಂಬರಿನಲ್ಲಿ ಮೊಣಕಾಲು ಹೋಯಿತು. ಬಗ್ಗಿ ಜಾರುವ ಆಟ ಇನ್ನು ಸಾಕು ಎಂದರು ಡಾಕ್ಟರು. ನಿಂತುಕೊಂಡೇ ಕೋಲಿನಿಂದ ಕಲ್ಲು ತಳ್ಳುವ ಮುದುಕರ ಗುಂಪು ಇದೆಯಲ್ಲ, ಅಲ್ಲಿಗೆ ಸೇರು ಎಂದವರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಈಗ ನನ್ನ ತಂಡಕ್ಕೆ ಗ್ವೆಂಡಾ ನಾಯಕಿ. ಹದಿನೈದು ವರ್ಷ ನನ್ನ ಕೈಕೆಳಗೆ ಆಡಿದವಳು, ಕಲ್ಲು ಹಿಡಿಯುವುದನ್ನೂ ಅದು ಮುಂದೆ ಜಾರಲೆಂದು ಐಸಿನ ಮೇಲೆ ಪೊರಕೆ ಉಜ್ಜುವುದನ್ನೂ ನನ್ನಿಂದಲೇ ಕಲಿತವಳು. ಮೊದಲ ಕಲ್ಲು ಹಾಕುವವಳು ಎಂದಿನಂತೆ ಡೆಲ್ಫಿನ್. ಜಿಲ್ಲೆ ಗೆದ್ದರೆ ಪ್ರಾಂತ್ಯದ ಪಂದ್ಯಕ್ಕೆ ಹೋಗುತ್ತಾರೆ. ಅಲ್ಲಿಗೆ ನಾಲ್ವರ ಜೊತೆ ಐದನೆಯವಳೊಬ್ಬಳು ಬೇಕು. ಬೆಂಚಿನ ಮೇಲೆ ಕೂತು ಆಟ ಓದಿ ಹೇಳುವುದು ಅವಳ ಕೆಲಸ. ಅದಕ್ಕೆ ಮೊಣಕಾಲು ಬೇಡ, ಕಣ್ಣು ಬೇಕು. ಆ ಜಾಗ ನನ್ನದು. ಬಾಯಿಬಿಟ್ಟು ಕೇಳುವುದಿಲ್ಲ, ಅವಳೇ ಬಂದು ಕರೆಯಬೇಕು.

ಜನವರಿ 11, ಶನಿವಾರ

ಮೊದಲ ಪ್ರಸಾರ. ನಾಲ್ಕು ಕ್ಯಾಮೆರಾ. ಒಂದು, ಎರಡು ಚಾವಣಿಯಲ್ಲಿವೆ, ಕಲ್ಲು ಹೋಗಿ ನಿಲ್ಲಬೇಕಾದ ವೃತ್ತಗಳ ಮೇಲೆ: ಈಚೆ ತುದಿಯ ವೃತ್ತಕ್ಕೆ ಒಂದು, ಆಚೆ ತುದಿಯ ವೃತ್ತಕ್ಕೆ ಒಂದು. ಮೂರನೆಯದು ಆಚೆ ವೃತ್ತದ ಪಕ್ಕದಲ್ಲಿ ನಾಯಕಿಯರ ಮುಖಕ್ಕೆ. ನಾಲ್ಕನೆಯದು ಗಾಜಿನ ಈಚೆಯಿಂದ ಐಸಿನ ಇಡೀ ಪಟ್ಟಿಯನ್ನು ದೂರದಿಂದ ನೋಡುತ್ತದೆ. ನನ್ನ ಪರದೆಯ ಮೇಲೆ ಇವನ್ನೆಲ್ಲ ಹೇಗೆ ಬೇಕಾದರೂ ಜೋಡಿಸಿಕೊಳ್ಳಬಹುದು. ಸಮ ಅಳತೆಯ ನಾಲ್ಕು ಚೌಕ, ಇಲ್ಲವೇ ಎರಡು ಅಕ್ಕಪಕ್ಕ, ಇಲ್ಲವೇ ಒಂದು ದೊಡ್ಡದು ಮೂರು ಚಿಕ್ಕವು, ಇಲ್ಲವೇ ಒಂದೇ ಒಂದು. ಕೆಂಪು ಅಂಚು ಯಾವುದಕ್ಕಿದೆಯೋ ಅದು ಜನರ ಮನೆಗೆ ಹೋಗುತ್ತದೆ. ನಾನು ನೋಡುವುದು ಬೇರೆ, ಅವರು ನೋಡುವುದು ಬೇರೆ.

ನಾನು ನಾಲ್ಕು ಸಮ ಚೌಕ ಇಟ್ಟುಕೊಂಡೆ. ಐಸ್ ಸಿದ್ಧಮಾಡುವ ಓರೆಸ್ಟ್ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡೇ ಇಣುಕಿದ.

"ನಾಲ್ಕೂ ಒಂದೇ ಸೈಜಾ? ತಲೆ ಕೆಡಲ್ವಾ ವರ್ನಾ?"

"ಹತ್ತೊಂಬತ್ತು ವರ್ಷ ಇಡೀ ಪಟ್ಟಿ ನೋಡಿದವಳು ನಾನು. ನಾಲ್ಕು ಚೌಕಕ್ಕೆ ಹೆದರ್ತೀನಾ?"

"ಸರಿಯಮ್ಮಾ, ನೀನು ಹೆದರಲ್ಲ. ಆ ಪೆಟ್ಟಿಗೆನೇ ನಿನಗೆ ಹೆದರಬೇಕು," ಎಂದು ಹೋದ. ಇಪ್ಪತ್ತೆರಡು ವರ್ಷದಿಂದ ಈ ಐಸಿನ ಮೇಲೆ ನೀರಿನ ಹನಿ ಹಾಕುತ್ತಿದ್ದಾನೆ, ಒಂದು ದಿನವೂ ನನ್ನನ್ನು ಕೆಣಕದೆ ಬಿಟ್ಟಿಲ್ಲ.

ಗ್ವೆಂಡಾ ಗೆದ್ದಳು. ಐದನೆಯ ಸರದಿಯಲ್ಲಿ ಅವಳು ತಂಡಕ್ಕೆ ಆಡಲು ಹೇಳಿದ ಹೊಡೆತ ನಾನಾಗಿದ್ದರೆ ಹೇಳುತ್ತಿರಲಿಲ್ಲ. ಆದರೂ ಗೆದ್ದಳು. ಪ್ರಸಾರ ಚೆನ್ನಾಗಿತ್ತು ಎಂದು ಮೂರು ಜನ ಹೇಳಿದರು, ಖುಷಿಯಾಯಿತು.

ಜನವರಿ 16, ಗುರುವಾರ

ಮೈನಸ್ ಮೂವತ್ತಾರು. ಎಂಜಿನ್ ಹೆಪ್ಪುಗಟ್ಟದಿರಲೆಂದು ಕರೆಂಟ್ ಚುಚ್ಚಿಟ್ಟಿದ್ದರೂ ನನ್ನ ಪಿಕಪ್ ಗಾಡಿ ಮೂರು ಸಲ ಕೆಮ್ಮಿದ ಮೇಲೆ ಹೊರಟಿತು.

ಇವತ್ತು ಒಂದು ದೊಡ್ಡದು ಮೂರು ಚಿಕ್ಕವು ಇಟ್ಟುಕೊಂಡೆ. ಮೂರನೆಯ ಕ್ಯಾಮೆರಾ ದೊಡ್ಡದು. ನಾಯಕಿಯ ಮುಖ ನೋಡಿದರೆ ಮುಂದಿನ ಹೊಡೆತ ಗೊತ್ತಾಗುತ್ತದೆ, ಯಾವ ಕ್ಯಾಮೆರಾಗೆ ಹೋಗಬೇಕೆಂದು ಮೊದಲೇ ತಿಳಿಯುತ್ತದೆ. ಕೆಲಸಕ್ಕಾಗಿ ಮಾಡಿದ್ದು, ಬೇರೇನಿಲ್ಲ. ಗ್ವೆಂಡಾ ಯೋಚಿಸುವಾಗ ಕೆಳತುಟಿ ಕಚ್ಚುತ್ತಾಳೆ. ಹದಿನೈದು ವರ್ಷ ಪಕ್ಕದಲ್ಲಿ ನಿಂತಿದ್ದರೂ ಇದನ್ನು ನಾನು ಕಂಡಿರಲಿಲ್ಲ.

ಆಟ ಮುಗಿದ ಮೇಲೆ ಗಾಜು ತಟ್ಟಿ ಒಳಗೆ ಬಂದಳು.

"ಏಳನೇ ಸರದೀಲಿ ನಾನು ಕಾವಲು ಕಲ್ಲು ಹಾಕಿಸಿದ್ದು ಸರಿನಾ? ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ನಾನೀಗ ಟೀವಿಯವಳು ಕಣೇ. ನನ್ನ ಕೇಳಬೇಡ."

"ಹಾಗನ್ಬೇಡ ಮಾರಾಯ್ತಿ. ನೀನಿಲ್ದೆ ಐಸ್ ಮೇಲೆ ಒಂಥರಾ ಕಿವುಡು ಬಂದ ಹಾಗಾಗತ್ತೆ."

ಕನಿಕರ. ನನಗೆ ಕನಿಕರ ಬೇಡ, ಜಾಗ ಬೇಕು. ಜಾಗದ ಮಾತು ಅವಳ ಬಾಯಿಂದ ಬರಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು ಏನೋ ಹೇಳಲು ಹೊರಟು ಸುಮ್ಮನಾದಳು. ನಾನೂ ಕೇಳಲಿಲ್ಲ.

ಜನವರಿ 18, ಶನಿವಾರ

ಗೆದ್ದರು. ನಾನಿಲ್ಲದೆ.

ಜನವರಿ 21, ಮಂಗಳವಾರ

ಯಾರೋ ಮನೆಯಿಂದ ದೂರು ಬರೆದಿದ್ದಾರೆ, ಕಲ್ಲು ವೃತ್ತದಲ್ಲಿ ನಿಂತಾಗ ಪ್ರಸಾರದಲ್ಲಿ ಗ್ವೆಂಡಾಳ ಮುಖ ಕಾಣುತ್ತಿತ್ತಂತೆ, ಕಲ್ಲು ಕಾಣಲಿಲ್ಲವಂತೆ. ಒಂದು ಸಲ ಆಗಿರಬಹುದು. ಆಡಲು ಬಾರದವರಿಗೆ ದೂರುವುದಕ್ಕೆ ಮಾತ್ರ ಬರುತ್ತದೆ.

ಕ್ಯಾಂಟೀನಿನಲ್ಲಿ ಗ್ವೆಂಡಾ ಮತ್ತು ಆ ಟ್ಯಾಮ್ಸಿನ್ ಒಂದೇ ತಟ್ಟೆಯಿಂದ ಪೆರೋಗಿ ಕಡುಬು ತಿನ್ನುತ್ತಿದ್ದರು. ಟ್ಯಾಮ್ಸಿನ್‌ಗೆ ಇಪ್ಪತ್ತೆರಡು. ಹೋದ ವರ್ಷ ಕಿರಿಯರ ತಂಡದಿಂದ ಬಂದವಳು, ಗ್ವೆಂಡಾಳ ನಾಲ್ವರಲ್ಲಿ ಇವಳಿಲ್ಲ. ನಾನು ಹತ್ತಿರ ಹೋದ ಕೂಡಲೇ ಇಬ್ಬರೂ ಮಾತು ನಿಲ್ಲಿಸಿದರು. ಟ್ಯಾಮ್ಸಿನ್ ಎದ್ದು ಕುರ್ಚಿ ಬಿಟ್ಟುಕೊಟ್ಟಳು, ಅಜ್ಜಿಗೆ ಬಿಟ್ಟುಕೊಡುವ ಹಾಗೆ. ನಾನು ಕೂರಲಿಲ್ಲ.

ಜನವರಿ 25, ಶನಿವಾರ

ಜಿಲ್ಲೆಯ ಫೈನಲ್. ಎದುರಿಗೆ ಬ್ರೆಂಟ್ ಲೇಕಿನ ಮರ್ಲ್ ಥೋರ್ಸ್ಟೈನ್‌ಸನ್ ತಂಡ. ಮರ್ಲ್ ನನ್ನ ವಯಸ್ಸಿನವಳು, ಇಪ್ಪತ್ತು ವರ್ಷ ಎದುರುಬದುರು ಆಡಿದ್ದೇವೆ. ಅವಳ ಮೊಣಕಾಲು ಇನ್ನೂ ಗಟ್ಟಿಯಾಗಿದೆ.

ಇವತ್ತು ಒಂದೇ ಒಂದು ಚೌಕ ಇಟ್ಟೆ. ಇಡೀ ಪರದೆಗೆ ಮೂರನೆಯ ಕ್ಯಾಮೆರಾ. ಉಳಿದವನ್ನು ನೋಡದೆ ಬೆರಳಿನ ಅಂದಾಜಿನಿಂದಲೇ ಬದಲಿಸಿದೆ. ಆಟ ನನಗೆ ಬಾಯಿಪಾಠ, ನೋಡಿ ಆಗಬೇಕಾದ್ದೇನಿಲ್ಲ.

ಕೊನೆಯ ಸರದಿ. ಒಂದೇ ಅಂಕದ ಅಂತರ. ಗ್ವೆಂಡಾಳ ಜೊತೆಗಾತಿ ಬಿಟ್ಟ ಕಲ್ಲು ಬಿರುಸಿಲ್ಲದೆ ಬಂತು. ವೃತ್ತದಲ್ಲಿದ್ದ ಗ್ವೆಂಡಾ ತಾನೇ ಬಾಗಿ ಉಜ್ಜಿದಳು. ಉಜ್ಜುವಾಗ ಪೊರಕೆಯ ಅಂಚು ಕಲ್ಲಿಗೆ ತಗುಲಿತು. ಕೂದಲೆಳೆಯಷ್ಟು, ಆದರೂ ತಗುಲಿತು. ನಾನು ಕಂಡೆ. ಆ ಹೊತ್ತಿನಲ್ಲಿ ಮನೆಗಳಿಗೆ ಹೋಗುತ್ತಿದ್ದದ್ದು ಚಾವಣಿಯ ಚಿತ್ರ, ಅದರಲ್ಲಿ ಅವಳ ಬೆನ್ನು ಅಡ್ಡ. ಕಲ್ಲು ನಿಂತಿತು. ಗ್ವೆಂಡಾ ನೆಟ್ಟಗಾಗಿ ಚೌಕದಿಂದ ಆಚೆ ನಡೆದುಹೋದಳು. ಆಟ ಮುಂದುವರಿಯಿತು, ಒಂದು ಅಂಕದಿಂದ ಗೆದ್ದರು.

ಜಾರುವ ಕಲ್ಲಿಗೆ ಹೀಗೆ ತಗುಲಿಸಿದರೆ ಕಲ್ಲು ಸುಟ್ಟಿತು ಎನ್ನುತ್ತೇವೆ, ಸುಟ್ಟವಳೇ ಕೈ ಎತ್ತಿ ಹೇಳಬೇಕು. ಇದು ನಮ್ಮೂರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಬೇರೆಯವರು ಬೆರಳು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ, ಅಂಪೈರನ್ನು ಕೂಗುವ ಪದ್ಧತಿಯೂ ಇಲ್ಲ. ಅವರವರ ಕೈ, ಅವರವರ ಮಾನ. ಗ್ವೆಂಡಾ ಕೈ ಎತ್ತಲಿಲ್ಲ. ನನಗೆ ಸಂತೋಷವೇ ಆಯಿತು, ಮುಚ್ಚಿಟ್ಟು ಏನು ಪ್ರಯೋಜನ.

ಜನವರಿ 26, ಭಾನುವಾರ

ಪ್ಯಾನ್‌ಕೇಕ್ ತಿಂಡಿಗೆ ಎಲ್ಲರೂ ಕ್ಲಬ್ಬಿಗೆ ಬರುವ ಮೊದಲೇ ಹೋಗಿ ದಾಖಲೆ ತೆರೆದೆ. ನಾಲ್ಕೂ ಕ್ಯಾಮೆರಾಗಳದ್ದು ಬೇರೆ ಬೇರೆಯಾಗಿ ಉಳಿದಿರುತ್ತದೆ, ಮತ್ತೆ ಹೇಗೆ ಬೇಕಾದರೂ ಜೋಡಿಸಿ ನೋಡಬಹುದು. ನಾಲ್ಕು ಸಮ ಚೌಕ ಮಾಡಿ ಅದೇ ಕ್ಷಣಕ್ಕೆ ತಂದೆ.

ಮೂರನೆಯದರಲ್ಲಿ ಪೊರಕೆ ತಗುಲಿದ್ದು ಸ್ಪಷ್ಟ. ಕಲ್ಲು ನಿಂತ ಮೇಲೆ ಗ್ವೆಂಡಾ ಮೂರನೆಯ ಚೌಕದಿಂದ ಹೊರಗೆ ಹೋಗಿ ನಾಲ್ಕನೆಯದಕ್ಕೆ ಬರುತ್ತಾಳೆ. ದೂರದಲ್ಲಿ, ಹೆಬ್ಬೆರಳಿನ ಉಗುರಿನಷ್ಟು. ಮರ್ಲ್‌ಳ ಎದುರಿಗೆ ನಿಂತು ಬಲಗೈ ಎತ್ತುತ್ತಾಳೆ. ಕಲ್ಲು ತೋರಿಸುತ್ತಾಳೆ. ಮರ್ಲ್ ಬಂದು ಕಲ್ಲು ನೋಡಿ ಇರಲಿ ಬಿಡು ಎಂದು ಕೈಬೀಸುತ್ತಾಳೆ. ಅಷ್ಟೇ. ನಿಯಮವೂ ಅದೇ, ಕಲ್ಲು ತೆಗೆಯಬೇಕೋ ಬಿಡಬೇಕೋ ಎದುರಾಳಿಯ ಇಷ್ಟ.

ಎರಡು ಸಲ ನೋಡಿದೆ. ಮೂರನೆಯ ಸಲ ನೋಡುವಾಗ ಓರೆಸ್ಟ್ ಹಿಂದೆ ನಿಂತಿದ್ದ. ಬಂದದ್ದು ಕೇಳಿಸಲಿಲ್ಲ.

"ನೋಡು, ಕೈ ಎತ್ತಿದ್ದಾಳೆ," ಎಂದ ನಾಲ್ಕನೆಯ ಚೌಕಕ್ಕೆ ಬೆರಳಿಟ್ಟು. "ಒಳ್ಳೇ ಹುಡುಗಿ. ಯಾರೂ ನೋಡಿರ್ಲಿಲ್ಲ, ಸುಮ್ನಿದ್ರೆ ನಡೀತಿತ್ತು. ನೀನು ತಯಾರು ಮಾಡಿದವಳಲ್ವಾ."

ನಾನು ಹೌದು ಎಂದೆ. ಬೆರಳ ಗುರುತು ಪರದೆಯ ಮೇಲೆ ಉಳಿದಿತ್ತು, ಒರೆಸಿದೆ. ಪ್ಯಾನ್‌ಕೇಕ್ ತಿನ್ನದೆ ಮನೆಗೆ ಬಂದೆ. ನಿನ್ನೆಯ ಸಂತೋಷ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಹಾಗೆ ಸಿಟ್ಟು ಬರುತ್ತಿದೆ.

ಜನವರಿ 28, ಮಂಗಳವಾರ

ಜಾಕೆಟ್ ಹೊಲಿಯುವವಳು ಕ್ಲಬ್ಬಿಗೆ ಬಂದಿದ್ದಳು. ಪ್ರಾಂತ್ಯದ ಪಂದ್ಯಕ್ಕೆ ಹಸಿರು ಜಾಕೆಟ್, ಬೆನ್ನ ಮೇಲೆ ಹೆಸರು. ಟ್ಯಾಮ್ಸಿನ್ ತೋಳು ಚಾಚಿ ನಿಂತಿದ್ದಳು, ಅಳತೆ ಪಟ್ಟಿ ಅವಳ ಹೆಗಲ ಮೇಲಿತ್ತು. ಗ್ವೆಂಡಾ ನೋಡಿ ನಗುತ್ತಿದ್ದಳು.

ಐದನೆಯ ಜಾಗ ಟ್ಯಾಮ್ಸಿನ್‌ಗೆ. ಮಾತು ನಿಲ್ಲಿಸಿದ್ದು, ಬಾಗಿಲಲ್ಲಿ ಏನೋ ಹೇಳಲು ಹೊರಟು ನುಂಗಿದ್ದು, ಎಲ್ಲ ಅದಕ್ಕೇ. ಏರಿದ ಏಣಿಯನ್ನು ಒದೆಯುವುದು ಎಂದರೆ ಇದು. ಪಿಕಪ್ಪಿನಲ್ಲಿ ಕೂತು ಅತ್ತೆ. ಕಣ್ಣೀರು ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು, ಅದಕ್ಕೂ ಸಿಟ್ಟು ಬಂತು.

ಜನವರಿ 29, ಬುಧವಾರ

ಕಳಿಸಿದೆ.

ಜಿಲ್ಲಾ ಸಂಘಕ್ಕೆ ಹನ್ನೊಂದು ಸೆಕೆಂಡಿನ ತುಣುಕು. ಒಂದೇ ಚೌಕದ ಜೋಡಣೆ, ಮೂರನೆಯ ಕ್ಯಾಮೆರಾ, ಪೊರಕೆ ತಗುಲುವುದರಿಂದ ಹಿಡಿದು ಗ್ವೆಂಡಾ ನೆಟ್ಟಗಾಗುವವರೆಗೆ. ಅವಳು ಚೌಕ ದಾಟುವ ಮೊದಲು ಕತ್ತರಿಸಿದೆ. ಕೆಳಗೆ ‘ದಯವಿಟ್ಟು ಪರಿಶೀಲಿಸಿ’ ಎಂದಷ್ಟೇ ಬರೆದೆ. ಹೆಸರು ಹಾಕಲಿಲ್ಲ.

ಆಟ ಮುಗಿದು ಕೈ ಕುಲುಕಿದ ಮೇಲೆ ಫಲಿತಾಂಶ ಬದಲಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಹೆಸರಿಗೆ ಮಸಿ ಹತ್ತುತ್ತದೆ. ಮರ್ಲ್ ಬಾಯಿ ಬಿಟ್ಟರೆ ಬಿಡಲಿ. ಒಂದು ಅಂಕದಿಂದ ಸೋತವಳು ಗೆದ್ದವಳ ಪರವಾಗಿ ಸಾಕ್ಷಿ ಹೇಳುವುದನ್ನು ನಾನೂ ನೋಡಬೇಕು. ನಾನಾಗಿದ್ದರೆ ಮರೆತುಹೋಯಿತು ಎನ್ನುತ್ತಿದ್ದೆ. ಯಾರಾದರೂ ಹಾಗೇ ಮಾಡುತ್ತಾರೆ.

ಒಂದು ಅಕ್ಷರ ಸುಳ್ಳು ಸೇರಿಸಿಲ್ಲ. ಮೂರು ಚೌಕ ಬಿಟ್ಟಿದ್ದೇನೆ. ಪ್ರಸಾರ ಮಾಡುವವರ ಕೆಲಸವೇ ಅದು, ಒಂದನ್ನು ತೋರಿಸಿ ಮೂರನ್ನು ಬಿಡುವುದು.

ಜನವರಿ 31, ಶುಕ್ರವಾರ

ಸಂಘದವರು ಮರ್ಲ್‌ಗೆ ಫೋನು ಮಾಡಿದರಂತೆ. ಅವಳು ಐದು ನಿಮಿಷದಲ್ಲಿ ಬರೆದು ಕಳಿಸಿದಳಂತೆ: ಗ್ವೆಂಡಾ ಕೈ ಎತ್ತಿ ಹೇಳಿದಳು, ಇರಲಿ ಅಂದವಳು ನಾನು, ಆ ಕಲ್ಲು ಹೇಗೂ ಅಲ್ಲೇ ನಿಲ್ಲುತ್ತಿತ್ತು, ಇನ್ನು ಇದರ ಮಾತು ಬೇಡ. ಕ್ಲಬ್ಬಿನ ಹಲಗೆಯ ಮೇಲೆ ಆ ಕಾಗದವನ್ನು ಯಾರೋ ಚುಚ್ಚಿದ್ದಾರೆ. ತುಣುಕು ಕಳಿಸಿದ್ದು ಯಾರು ಎಂದು ಎಲ್ಲೂ ಬರೆದಿಲ್ಲ.

ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನಮಸ್ಕಾರಕ್ಕೆ ನಮಸ್ಕಾರ, ಚಳಿಯ ಮಾತು, ಮೊಣಕಾಲು ಹೇಗಿದೆ ಎಂಬ ಮಾತು. ಕೇಳಿದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ನಾನು ಇನ್ನೇನೋ ಹೇಳಲಿದ್ದೇನೆ ಎಂಬ ಹಾಗೆ. ನಾನು ಏನು ಹೇಳಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವಳು ನಾನಲ್ಲ. ಬೇಗ ಮನೆಗೆ ಬಂದೆ.

ಫೆಬ್ರವರಿ 3, ಸೋಮವಾರ

ಮಧ್ಯಾಹ್ನ ಕೇಬಲ್ ಸುತ್ತಿಡುತ್ತಿದ್ದಾಗ ಗ್ವೆಂಡಾ ಬಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಕೋಟು ಬಿಚ್ಚಲಿಲ್ಲ.

"ಇದು ಹೇಗೆ ಕೆಲಸ ಮಾಡತ್ತೆ, ತೋರಿಸು."

ತೋರಿಸಿದೆ. ನಾಲ್ಕು ಸಮ, ಎರಡು ಅಕ್ಕಪಕ್ಕ, ಒಂದು ದೊಡ್ಡದು ಮೂರು ಚಿಕ್ಕವು, ಒಂದೇ ಒಂದು. ಒಂದೊಂದನ್ನೂ ಗಮನವಿಟ್ಟು ನೋಡಿದಳು, ಹಿಂದೆ ಹೊಡೆತ ಕಲಿಸುವಾಗ ನೋಡುತ್ತಿದ್ದ ಹಾಗೆ.

"ಫೈನಲ್ ದಿನ ಯಾವುದು ಇಟ್ಕೊಂಡಿದ್ದೆ?"

"ಒಂದೇ ಒಂದು."

"ನನ್ನ ಮೇಲೆ?"

"ನಾಯಕಿ ಮೇಲೆ ಇಡೋದೇ ವಾಡಿಕೆ."

ಬಾಗಿಲಲ್ಲಿ ಓರೆಸ್ಟ್ ಬಂದು ನಿಂತ, ಐಸಿನ ಕೋಣೆಯ ಬೀಗದ ಕೈಗೆ ಬಂದಿದ್ದ. ಅವಳು ಅವನನ್ನು ನೋಡಿಯೂ ಮಾತು ನಿಲ್ಲಿಸಲಿಲ್ಲ.

"ತುಣುಕು ಕಳಿಸಿದ್ದು ನೀನು. ಈ ಕಂಪ್ಯೂಟರ್ ಮುಟ್ಟೋಳು ನೀನೊಬ್ಳೇ. ಅದಕ್ಕೆ ನಾನು ಜಗಳಕ್ಕೆ ಬಂದಿಲ್ಲ ವರ್ನಾ. ಕಲ್ಲು ಸುಟ್ಟಿದ್ದು ಕಂಡ್ರೆ ನಿನಗೆ ತಡೆಯೋಕಾಗಲ್ಲ, ನನಗೆ ಗೊತ್ತು. ಒಂದೇ ಕೇಳ್ತೀನಿ. ನಾನು ಕೈ ಎತ್ತಿದ್ದು ನೋಡಿ ಕಳಿಸಿದ್ಯಾ, ನೋಡದೆ ಕಳಿಸಿದ್ಯಾ?"

"ನೋಡಿಲ್ಲ."

"ಆಮೇಲೂ?"

"ಆಮೇಲೂ ಇಲ್ಲ. ದೊಡ್ಡದರಲ್ಲಿ ನಿನ್ನ ಪೊರಕೆ ಒಂದೇ ಇತ್ತು."

ಓರೆಸ್ಟ್ ಕಡೆ ನಾನು ತಿರುಗಲಿಲ್ಲ. ಅವನು ಬೀಗದ ಕೈ ಮೊಳೆಯಿಂದ ತೆಗೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಹೆಜ್ಜೆಯ ಸದ್ದು ದೂರವಾಯಿತು.

ಗ್ವೆಂಡಾಳ ಹೆಗಲು ಸಡಿಲವಾಯಿತು. "ಅಷ್ಟೇ ಬೇಕಿತ್ತು ನನಗೆ. ನಮ್ಮಾಟದಲ್ಲಿ ಅವರವರ ಮಾತೇ ಮಾತು. ನೀನೇ ಕಲಿಸಿದ್ದು." ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದಳು. ಪ್ರಾಂತ್ಯದ ಪಂದ್ಯದ ಪಟ್ಟಿ. ಐದನೆಯ ಸಾಲಿನಲ್ಲಿ ನನ್ನ ಹೆಸರು. ಕೆಳಗೆ ಅವಳ ಸಹಿ, ಜನವರಿ ಹದಿನೈದರ ತಾರೀಖು.

"ಮತ್ತೆ ಟ್ಯಾಮ್ಸಿನ್?"

"ಡೆಲ್ಫಿನ್ ಬಸುರಿ ಕಣೇ. ಮೊದಲ ಕಲ್ಲು ಹಾಕೋಳು ಬೇಡ್ವಾ? ಅವಳ ಬದಲು ಟ್ಯಾಮ್ಸಿನ್ ಆಡ್ತಾಳೆ. ಮೂರು ತಿಂಗಳು ತುಂಬೋ ತನಕ ಯಾರಿಗೂ ಹೇಳ್ಬೇಡ ಅಂತ ಡೆಲ್ಫಿನ್ ಆಣೆ ಹಾಕ್ಸಿದ್ಲು. ನಿನ್ನ ಕರೆದ್ರೆ ಆಡೋ ನಾಲ್ವರು ಯಾರು ಅಂತ ಕೇಳ್ತಿದ್ದೆ, ಅದನ್ನ ಹೇಳದೆ ಹೇಗೆ ಕರೀಲಿ? ಪ್ಯಾನ್‌ಕೇಕ್ ದಿನ ಹೇಳೋಣ ಅಂದ್ರೆ ನೀನು ತಿನ್ನದೆ ಓಡಿ ಹೋದೆ."

ಪೆನ್ನು ಕೊಟ್ಟಳು. ಸಹಿ ಮಾಡಿದೆ. ಅವಳು ನನ್ನನ್ನು ತಬ್ಬಿಕೊಂಡಳು, ಕೋಟಿನ ಚಳಿ ಕೆನ್ನೆಗೆ ತಾಗಿತು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಜಾಕೆಟ್ ಯಾವಾಗ ಬರುತ್ತದೆ ಎಂದು ಕೇಳಿದೆ.

ಫೆಬ್ರವರಿ 4, ಮಂಗಳವಾರ

ಯೋಚಿಸಿ ನೋಡಿದರೆ ಆ ನಾಲ್ಕನೆಯ ಚೌಕ ಬಹಳ ಚಿಕ್ಕದು. ಉಗುರಿನಷ್ಟು ಆಕಾರ. ಅದು ಕೈ ಎತ್ತಿದ್ದೋ ಟೋಪಿ ಸರಿಮಾಡಿಕೊಂಡಿದ್ದೋ ಯಾರು ಹೇಳಬಲ್ಲರು. ಓರೆಸ್ಟ್‌ಗೆ ಎಪ್ಪತ್ತಾಯಿತು, ಎರಡೂ ಕಣ್ಣಿಗೆ ಪೊರೆ ಬಂದಿದೆ. ಅವನು ಹೇಳಿದ್ದಕ್ಕೆ ನಾನೂ ಹೌದು ಎಂದಿರಬೇಕು. ನನಗೇನೂ ಖಚಿತವಾಗಿ ಕಂಡಿರಲಿಲ್ಲ.

ಹಳೆಯ ದಾಖಲೆಗಳಿಂದ ಕಂಪ್ಯೂಟರ್ ತುಂಬಿತ್ತು. ಜನವರಿಯದ್ದೆಲ್ಲ ಅಳಿಸಿದೆ. ತಿಂಗಳಿಗೊಮ್ಮೆ ಅಳಿಸಲೇಬೇಕು.

ಫೆಬ್ರವರಿ 6, ಗುರುವಾರ

ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಜಾಕೆಟ್ ಸರಿಯಾಗಿ ಕೂತಿದೆ. ಬೆನ್ನ ಮೇಲೆ ನನ್ನ ಹೆಸರಿದೆ.

ಬೆಳಿಗ್ಗೆ ಅರ್ಧ ಊರು ಕಳಿಸಿಕೊಡಲು ಬಂದಿತ್ತು. ಮರ್ಲ್ ಕೂಡ ನಲವತ್ತು ಮೈಲಿ ಗಾಡಿ ಓಡಿಸಿಕೊಂಡು ಬಂದು ಒಂದು ಡಬ್ಬಿ ಬಟರ್ ಟಾರ್ಟ್ ಸಿಹಿ ಕೊಟ್ಟಳು. ಓರೆಸ್ಟ್ ಚೀಲಗಳನ್ನು ವ್ಯಾನಿಗೆ ಏರಿಸಿದ. ಒಬ್ಬೊಬ್ಬರ ಕೈ ಕುಲುಕಿ ಚೆನ್ನಾಗಿ ಆಡಿ ಎಂದ, ಗ್ವೆಂಡಾಗೆ, ಟ್ಯಾಮ್ಸಿನ್‌ಗೆ, ಎಲ್ಲರಿಗೂ. ನನ್ನ ಚೀಲವನ್ನೂ ಏರಿಸಿದ. ಆಮೇಲೆ ಕೈಗವಸು ಕಳಚಿ ನನ್ನ ಕೈ ಹಿಡಿದುಕೊಂಡ. ಬಿಡಲಿಲ್ಲ.

"ಆಟ ಇನ್ನೂ ಶುರುವಾಗಿಲ್ಲ ವರ್ನಾ," ಎಂದ ಮೆಲ್ಲಗೆ. "ನಾನು ಹೇಳಲ್ಲ. ಅದು ನನ್ನ ಕೆಲಸ ಅಲ್ಲ. ನೀನು ಕೈ ಎತ್ತೋಕೆ ಇನ್ನೂ ಹೊತ್ತಿದೆ."

ಅವನ ಕಣ್ಣಲ್ಲಿ ನೀರಿತ್ತು. ಚಳಿಗೆ ಬರುತ್ತದೆ. ನಾನು ಕೈ ಬಿಡಿಸಿಕೊಂಡು ಹತ್ತಿದೆ.

ಮೊಣಕಾಲು ಚಾಚಲು ಅನುಕೂಲವಾಗಲಿ ಎಂದು ಗ್ವೆಂಡಾ ತನ್ನ ಪಕ್ಕದ ಮುಂದಿನ ಸೀಟನ್ನೇ ನನಗೆ ಇಟ್ಟಿದ್ದಳು. ಊರು ದಾಟಿದ ಮೇಲೆ ಕೇಳಿದಳು, "ಓರೆಸ್ಟ್ ಅಷ್ಟು ಹೊತ್ತು ಏನ್ ಹೇಳ್ತಿದ್ದ?"

"ಚೆನ್ನಾಗಿ ಆಡಿ ಅಂದ," ಎಂದೆ.